ಬಾಕ್ಸ್‌ಗಿಂತ ಮೊದಲು ಲೈನ್ ನೋಡಿ

ಆಂಧ್ರಪ್ರದೇಶದ ಫೈಬರ್‌ನೆಟ್ ಯೋಜನೆಗೆ 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಚಾಲನೆ ಕೊಟ್ಟಾಗ ಜನರ ಬಾಯಲ್ಲಿ ಉಳಿದದ್ದು ಒಂದೇ ಅಂಕಿ, 149 ರೂಪಾಯಿ. ತಿಂಗಳಿಗೆ ಅಷ್ಟು ಕೊಟ್ಟರೆ ಸುಮಾರು 250 ಟಿವಿ ವಾಹಿನಿಗಳು, ಒಂದು ದೂರವಾಣಿ, ಜೊತೆಗೆ 15 ಎಂಬಿಪಿಎಸ್ ವೇಗದಲ್ಲಿ 5 ಜಿಬಿ ಇಂಟರ್ನೆಟ್. ಕಚೇರಿ ವಿಜಯವಾಡದಲ್ಲಿ, ಇಡೀ ಜಾಲವನ್ನು ನೋಡಿಕೊಳ್ಳುವ ಕೇಂದ್ರ ವಿಶಾಖಪಟ್ಟಣದಲ್ಲಿ. ಕೇಬಲ್ ಎಳೆಯಲು ಊರೂರು ಅಗೆಯುವ ಗೋಜಿಗೆ ಹೋಗದೆ, ಮೊದಲೇ ನಿಂತಿದ್ದ ವಿದ್ಯುತ್ ಕಂಬಗಳ ಮೇಲೇ ಇಪ್ಪತ್ತು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಫೈಬರ್ ಹಾಕಿದರು. ಮನೆಗೆ ಸಂಪರ್ಕ ಕೊಡುವ ಹೊಣೆ ಸ್ಥಳೀಯ ಕೇಬಲ್‌ನವರದೇ. ಬಡವರ ಮನೆಯ ಟಿವಿಗೂ ಇಂಟರ್ನೆಟ್ ಬಾಕ್ಸ್ ತಲುಪಬೇಕೆಂದು ಒಂದು ರಾಜ್ಯ ಸರ್ಕಾರ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೊರಟದ್ದು ಸಣ್ಣ ಮಾತಲ್ಲ.

ಆದರೆ ಆ 5 ಜಿಬಿ ಲೆಕ್ಕವನ್ನೊಮ್ಮೆ ಹಾಕಿ ನೋಡಬೇಕು. ಎಚ್‌ಡಿ ಗುಣಮಟ್ಟದಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೆ ಖರ್ಚಾಗುತ್ತದೆ ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. 4ಕೆ ಆದರೆ 7 ಜಿಬಿ. ಅಂದರೆ ತಿಂಗಳ ಕೋಟಾದಲ್ಲಿ ಎರಡು ಗಂಟೆಯ ಒಂದು ಸಿನಿಮಾ ಕೂಡ ಪೂರ್ತಿ ಆಗುವುದಿಲ್ಲ. ಫೈಬರ್‌ನೆಟ್‌ನ ಜಾಲದೊಳಗೇ ಹರಿದು ಬರುವ ಟಿವಿ ವಾಹಿನಿಗಳಿಗೆ ಆ ಬಾಕ್ಸ್ ಹೇಳಿ ಮಾಡಿಸಿದಂತಿತ್ತು. ಹೊರಗಿನ ಇಂಟರ್ನೆಟ್‌ನಿಂದ ಬರುವ ವಿಡಿಯೊ ಬೇರೆ ಕಥೆ. ಟಿವಿಗೆ ಅಗ್ಗದ ಸಾಧನ ಹುಡುಕುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬಾಕ್ಸ್ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸುತ್ತಾರೆ, ಅದರೊಳಗೆ ಏನು ಹರಿಯುತ್ತದೆ ಎಂದು ವಿಚಾರಿಸುವುದಿಲ್ಲ.

ಹಾಗೆಂದು ಫೈಬರ್‌ನೆಟ್ ಸುಮ್ಮನೆ ಕೂರಲಿಲ್ಲ. 2023ರ ಜೂನ್ 2ರಂದು ವಿಶಾಖಪಟ್ಟಣದಲ್ಲಿ ‘ಫಸ್ಟ್ ಡೇ ಫಸ್ಟ್ ಶೋ’ ಎಂಬ ಸೇವೆ ಶುರುವಾಯಿತು. 99 ರೂಪಾಯಿ ಕೊಟ್ಟರೆ ಬಿಡುಗಡೆಯ ದಿನವೇ ಹೊಸ ಸಿನಿಮಾ ಮನೆಗೆ, 24 ಗಂಟೆಯೊಳಗೆ ಎಷ್ಟು ಸಲ ಬೇಕಾದರೂ ನೋಡಬಹುದಿತ್ತು. ದೊಡ್ಡ ನಟರ ಚಿತ್ರಗಳಿಗಿಂತ ಥಿಯೇಟರ್ ಸಿಗದ ಸಣ್ಣ ತೆಲುಗು ಚಿತ್ರಗಳಿಗೆ ಇದು ಹೊಂದುವ ವ್ಯವಸ್ಥೆಯಾಗಿತ್ತು. ಕನ್ನಡದ ಸಣ್ಣ ಚಿತ್ರಗಳಿಗೂ ಇಂಥದೊಂದು ದಾರಿ ಬೇಕು ಎಂದು ಅನ್ನಿಸದೇ ಇರದು.

ಉಕ್ಕಿನ ಕಾರ್ಖಾನೆ, ನೌಕಾಪಡೆ, ತೈಲ ಶುದ್ಧೀಕರಣಾಗಾರ, ಬಂದರು, ಬ್ಯಾಂಕು ಎಂದು ವರ್ಗವಾಗಿ ಬಂದ ಕನ್ನಡ ಕುಟುಂಬಗಳು ವಿಶಾಖಪಟ್ಟಣದಲ್ಲಿ ಇವೆ. ವ್ಯಾಪಾರಕ್ಕೂ ಓದಿಗೂ ಬಂದವರು ವಿಜಯವಾಡದಲ್ಲಿ. ಇಂಥವರಿಗೆ ಟಿವಿ ಪ್ರಶ್ನೆ ಇನ್ನೂ ಒಂದು ಸುತ್ತು ಜಟಿಲ. ಬೇಕಾದ ವಾಹಿನಿಯನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು 2019ರಿಂದ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಲ್ಲೇ ಇದೆ, ನಿಜ. ಆದರೆ ಕೇಬಲ್‌ನವನು ಆ ವಾಹಿನಿಯನ್ನು ತನ್ನ ಜಾಲದಲ್ಲಿ ಇಟ್ಟುಕೊಂಡಿದ್ದರೆ ತಾನೆ ಆರಿಸುವ ಮಾತು? ಕರಾವಳಿ ಆಂಧ್ರದ ಕೇಬಲ್ ಪ್ಯಾಕ್ ಎಂದರೆ ಸಹಜವಾಗಿಯೇ ತೆಲುಗಿನ ಪ್ಯಾಕ್. ಕನ್ನಡ ಧಾರಾವಾಹಿ ಬೇಕೆಂದರೆ ಇಂಟರ್ನೆಟ್ ದಾರಿಯೇ ಹತ್ತಿರ. ಕನ್ನಡದ ಕಿರುತೆರೆಗೂ ವಿಶಾಖಪಟ್ಟಣಕ್ಕೂ ಒಂದು ಹಳೆಯ ನಂಟಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ರಾಮೋಜಿ ರಾವ್ 1974ರಲ್ಲಿ ‘ಈನಾಡು’ ಪತ್ರಿಕೆಯನ್ನು ಶುರುಮಾಡಿದ್ದು ವಿಶಾಖಪಟ್ಟಣದಲ್ಲಿ. ಅದೇ ಸಂಸ್ಥೆ 2000ದಲ್ಲಿ ತಂದ ಈಟಿವಿ ಕನ್ನಡ ಮುಂದೆ, 2015ರಲ್ಲಿ, ಕಲರ್ಸ್ ಕನ್ನಡ ಆಯಿತು. ಆ ವಾಹಿನಿಯ ಧಾರಾವಾಹಿಗಳು ಇಂದು ಜಿಯೊಹಾಟ್‌ಸ್ಟಾರ್‌ನಲ್ಲಿ, ಝೀ ಕನ್ನಡದವು ಝೀ5ನಲ್ಲಿ, ಉದಯ ಟಿವಿಯವು ಸನ್ ನೆಕ್ಸ್ಟ್‌ನಲ್ಲಿ. ಹುಬ್ಬಳ್ಳಿಯ ನಂಬರಿನಲ್ಲಿ ಚಂದಾ ಕಟ್ಟಿದ್ದರೂ ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿ ಅದು ನಡೆಯುತ್ತದೆ.

ನಾಲ್ಕೈದು ವರ್ಷಕ್ಕೊಮ್ಮೆ ಮನೆ ಬದಲಿಸುವವರು ಕಂಪನಿಯ ಬಾಕ್ಸ್ ನಂಬಿ ಕೂರುವುದು ಜಾಣತನವಲ್ಲ. ಬ್ರಾಡ್‌ಬ್ಯಾಂಡ್ ಜೊತೆ ಬರುವ ಸೆಟ್‌ಟಾಪ್ ಬಾಕ್ಸ್ ಪುಕ್ಕಟೆ ಎನ್ನಿಸಬಹುದು. ಅದರ ಬೆಲೆ ತಿಂಗಳ ಬಿಲ್ಲಿನಲ್ಲೇ ಅಡಗಿರುತ್ತದೆ, ಲೈನ್ ಬಿಟ್ಟ ದಿನ ಬಾಕ್ಸ್ ವಾಪಸ್ ಕೊಡಬೇಕು. ಒಂದೇ ಊರಿನಲ್ಲಿ, ಸ್ವಂತ ಮನೆಯಲ್ಲಿ ಇರುವವರಿಗೆ ಅದು ಸಾಕು. ಉಳಿದವರಿಗೆ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ, ಜೇಬಿನಲ್ಲಿ ಹಿಡಿಸುವ ಸ್ಟ್ರೀಮಿಂಗ್ ಸ್ಟಿಕ್ಕೇ ವಾಸಿ. ಸೂಟ್‌ಕೇಸಿನಲ್ಲಿ ಬರುತ್ತದೆ, ಯಾವ ಕಂಪನಿಯ ವೈಫೈ ಆದರೂ ಸರಿ.

ಈ ಸ್ಟಿಕ್ಕುಗಳ ಬೆಲೆ ಹತ್ತು ವರ್ಷದಲ್ಲಿ ಅಂಥ ಏರಿಳಿತ ಕಂಡಿಲ್ಲ. ಗೂಗಲ್‌ನ ಕ್ರೋಮ್‌ಕಾಸ್ಟ್ 2014ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಾಗ 2,999 ರೂಪಾಯಿ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರಲ್ಲಿ 3,999ಕ್ಕೆ ಬಂತು. 2020ರಲ್ಲಿ ಶವೊಮಿಯ ಮಿ ಟಿವಿ ಸ್ಟಿಕ್ 2,799. ಫೈರ್ ಸ್ಟಿಕ್ಕನ್ನು ಚೆನ್ನೈನಲ್ಲೇ ತಯಾರಿಸುವುದಾಗಿ ಅಮೆಜಾನ್ 2021ರಲ್ಲಿ ಪ್ರಕಟಿಸಿತು. ಈಗಲೂ ಹೆಸರಿರುವ ಕಂಪನಿಯದು ಬೇಕೆಂದರೆ ಮೂರರಿಂದ ಆರು ಸಾವಿರದೊಳಗೆ ಆಟ ಮುಗಿಯುತ್ತದೆ, ಹಬ್ಬದ ಸೇಲ್‌ನಲ್ಲಿ ಇನ್ನೂ ಕಡಿಮೆಗೆ.

ಮತ್ತೆ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಕಪ್ಪು ಡಬ್ಬಿಗಳು? ಮೇಲೆ ದೊಡ್ಡದಾಗಿ ‘4ಕೆ ಆಂಡ್ರಾಯ್ಡ್ ಬಾಕ್ಸ್’ ಎಂದಿರುತ್ತದೆ, ತಯಾರಕರ ವಿಳಾಸ ಹುಡುಕಿದರೂ ಸಿಗದು. ಇವುಗಳ ಬಗ್ಗೆ ನಿಷ್ಠುರವಾಗಿ ಹೇಳಲೇಬೇಕು: ಕೊಳ್ಳಬೇಡಿ. ಇವುಗಳಲ್ಲಿ ಬಹುಪಾಲು ಟಿವಿಗೆಂದು ಗೂಗಲ್ ರೂಪಿಸಿದ ಆಂಡ್ರಾಯ್ಡ್ ಟಿವಿ ಅಲ್ಲ. ಮೊಬೈಲಿನ ಮುಕ್ತ ಆಂಡ್ರಾಯ್ಡನ್ನು ಯಾರೋ ತಿದ್ದಿ ತುಂಬಿರುತ್ತಾರೆ. ‘ಟಿ95’ ಹೆಸರಿನ ಇಂಥ ಬಾಕ್ಸ್‌ನಲ್ಲಿ ಕಾರ್ಖಾನೆಯಿಂದಲೇ ಕಳ್ಳ ತಂತ್ರಾಂಶ ಸೇರಿ ಬಂದಿದ್ದುದು 2023ರ ಜನವರಿಯಲ್ಲಿ ಬಯಲಾಯಿತು. ಅದೇ ವರ್ಷ ‘ಬ್ಯಾಡ್‌ಬಾಕ್ಸ್’ ಎಂಬ ಇಡೀ ಜಾಲದ ವಿವರವನ್ನು ಹ್ಯೂಮನ್ ಸೆಕ್ಯುರಿಟಿ ಎಂಬ ಸಂಸ್ಥೆ ಹೊರಗಿಟ್ಟಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಜನರಿಗೆ ಎಚ್ಚರಿಕೆ ಕೊಟ್ಟಿತು. ಮರುತಿಂಗಳು ಒಂದು ಕೋಟಿಗೂ ಹೆಚ್ಚು ಸಾಧನಗಳು ಬ್ಯಾಡ್‌ಬಾಕ್ಸ್‌ನ ಎರಡನೇ ಅಲೆಗೆ ಸಿಕ್ಕಿವೆ ಎಂದು ಗೂಗಲ್ ಕೋರ್ಟಿಗೆ ಹೋಯಿತು. ಸೋಂಕಿದ ಬಾಕ್ಸ್ ಟಿವಿಯನ್ನೇನೂ ಕೆಡಿಸುವುದಿಲ್ಲ, ಸಿನಿಮಾ ಓಡುತ್ತಲೇ ಇರುತ್ತದೆ. ಹಿಂದಿನಿಂದ ಮನೆಯ ಇಂಟರ್ನೆಟ್ ವಿಳಾಸವನ್ನು ಯಾವುದೋ ದೇಶದ ವಂಚಕ ಬಾಡಿಗೆಗೆ ಬಳಸುತ್ತಿರುತ್ತಾನೆ. ಅದೇ ವೈಫೈನಲ್ಲಿ ಬ್ಯಾಂಕಿನ ಆ್ಯಪ್ ತೆರೆಯುವ ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ.

ಚಿತ್ರದ ವಿಷಯದಲ್ಲೂ ಈ ಡಬ್ಬಿಗಳದು ಮೋಸವೇ. ಹಣ ಕೊಟ್ಟು ನೋಡುವ ಆ್ಯಪ್‌ಗಳು ಸಾಧನದಲ್ಲಿ ವೈಡ್‌ವೈನ್ ಎಂಬ ಬೀಗ ಯಾವ ಮಟ್ಟದ್ದು ಎಂದು ಪರೀಕ್ಷಿಸಿಯೇ ವಿಡಿಯೊ ಕಳಿಸುತ್ತವೆ. ಎಲ್1 ಇದ್ದರೆ ಎಚ್‌ಡಿ. ಎಲ್3 ಮಾತ್ರ ಇದ್ದರೆ ಹೆಚ್ಚಿನ ಆ್ಯಪ್‌ಗಳಲ್ಲಿ 480ಪಿ ಆಸುಪಾಸಿನ ಮಸುಕು ಚಿತ್ರವೇ ಗತಿ. ಡಬ್ಬಿಯ ಮೇಲೆ 4ಕೆ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಇದು ಬದಲಾಗದು. ಅಂಗಡಿಯಲ್ಲಿ ಯೂಟ್ಯೂಬ್ ಹಾಕಿ ತೋರಿಸಿದರೆ ಯಾವ ಡಬ್ಬಿಯೂ ಚೆನ್ನಾಗಿಯೇ ಕಾಣುತ್ತದೆ. ಚಂದಾ ಕಟ್ಟಿದ ಆ್ಯಪ್ ತೆರೆದು ತೋರಿಸಿ ಎನ್ನಬೇಕು.

4ಕೆ ಎಲ್ಲರಿಗೂ ಬೇಕೇ ಎಂಬುದೂ ಕೇಳಬೇಕಾದ ಮಾತೇ. ಮಧ್ಯಮ ವರ್ಗದ ಮನೆಯ 32 ಇಂಚಿನ ಟಿವಿಗಳಲ್ಲಿ ಬಹಳಷ್ಟು 1366 ಗುಣಿಸು 768 ಬಿಂದುಗಳ ‘ಎಚ್‌ಡಿ ರೆಡಿ’ ಪರದೆಗಳು. ಅದಕ್ಕೆ 4ಕೆ ಸ್ಟಿಕ್ ಹಾಕಿದರೆ ಪರದೆ ಹಿಗ್ಗುವುದಿಲ್ಲ, ಡೇಟಾ ಮಾತ್ರ ಕರಗುವ ಅಪಾಯ.

ವಿಜಯವಾಡದ ಸಿಂಗ್ ನಗರದ ಕಡೆಯವರಿಗೆ ಇಂಥ ಲೆಕ್ಕಗಳನ್ನು ಒಮ್ಮೆಲೇ ಹಾಕಬೇಕಾದ ಕಷ್ಟ ಬಂದೊದಗಿತು. 2024ರ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರು ಹಳ್ಳ ಉಕ್ಕಿ ನುಗ್ಗಿದಾಗ ನೆಲಮಹಡಿಯ ಮನೆಗಳಲ್ಲಿ ಫ್ರಿಜ್, ವಾಷಿಂಗ್ ಮಷಿನ್, ಟಿವಿ ದಿನಗಟ್ಟಲೆ ನೀರಿನಲ್ಲಿ ನಿಂತವು. ಮುಳುಗಿದ ನೆಲಮಹಡಿ ಮನೆಗಳಿಗೆ ಸರ್ಕಾರ ಘೋಷಿಸಿದ್ದು 25 ಸಾವಿರ ರೂಪಾಯಿ. ಅಷ್ಟರಲ್ಲಿ ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕ ಎಲ್ಲವೂ ಆಗಬೇಕು. ಇಂಥ ಹೊತ್ತಿನಲ್ಲಿ ದೊಡ್ಡ ಸ್ಮಾರ್ಟ್ ಟಿವಿಗೆ ಕಂತು ಕಟ್ಟಿಕೊಳ್ಳುವುದಕ್ಕಿಂತ, ನೆಂಟರ ಮನೆಯಿಂದ ಬಂದ ಹಳೆಯ ಎಲ್‌ಇಡಿ ಟಿವಿಗೆ ಒಂದು ಸ್ಟಿಕ್ ಹಾಕಿಕೊಳ್ಳುವುದು ಎಷ್ಟೋ ಮೇಲು. ಅಗ್ಗದ ಸ್ಮಾರ್ಟ್ ಟಿವಿಗಳಲ್ಲಿ ಸಾಮಾನ್ಯವಾಗಿ 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಆ್ಯಪ್‌ಗಳು ದಪ್ಪವಾದಂತೆ ಅವು ತೆವಳತೊಡಗುತ್ತವೆ. ಪರದೆ ಇನ್ನೂ ಗಟ್ಟಿ ಇರುವಾಗಲೇ ‘ಟಿವಿ ಹೋಯಿತು’ ಎಂದು ಎಕ್ಸ್‌ಚೇಂಜ್‌ಗೆ ಕೊಡುವವರಿದ್ದಾರೆ. ಹೋದದ್ದು ಟಿವಿಯಲ್ಲ, ಅದರೊಳಗಿನ ಪುಟ್ಟ ಕಂಪ್ಯೂಟರ್. ಅದರ ಕೆಲಸವನ್ನು ಸ್ಟಿಕ್ ವಹಿಸಿಕೊಳ್ಳುತ್ತದೆ.

ಸಿಕ್ಕಿಸುವ ಮುಂಚೆ ಟಿವಿಯ ಬೆನ್ನು ನೋಡಬೇಕು. ಯುಎಸ್‌ಬಿ ಕಿಂಡಿಯ ಪಕ್ಕದಲ್ಲಿ ಹಲವು ಟಿವಿಗಳ ಮೇಲೆ ಸಣ್ಣ ಅಕ್ಷರದಲ್ಲಿ ‘5 ವೋಲ್ಟ್, 0.5 ಆಂಪ್’ ಎಂದು ಬರೆದಿರುತ್ತದೆ. ಸ್ಟಿಕ್‌ಗೆ ಬೇಕಾದದ್ದು ಹೆಚ್ಚಾಗಿ 1 ಆಂಪ್. ಅಲ್ಲೇ ಸಿಕ್ಕಿಸಿದರೆ ಸ್ಟಿಕ್ ಹೊತ್ತಿಕೊಳ್ಳುತ್ತದೆ, ಲೋಗೊ ಬರುತ್ತದೆ, ಸಿನಿಮಾ ಶುರುವಾದ ಹತ್ತು ನಿಮಿಷಕ್ಕೆ ಆರಿ ಮತ್ತೆ ಲೋಗೊ. ವಸ್ತುವೇ ಕೆಟ್ಟದ್ದೆಂದು ಅಂಗಡಿಗೆ ಓಡುವ ಮೊದಲು ಅದರ ಜೊತೆ ಬಂದ ಅಡಾಪ್ಟರನ್ನು ಗೋಡೆಯ ಪ್ಲಗ್‌ಗೆ ಹಾಕಬೇಕು. ಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಗೇಣುದ್ದದ ಎಚ್‌ಡಿಎಂಐ ತುಂಡು ಕೇಬಲ್ ಇದ್ದರೆ ಅದನ್ನು ಎಸೆಯಬಾರದು. ಟಿವಿಗೂ ಗೋಡೆಗೂ ನಡುವೆ ಸ್ಟಿಕ್ ಸಿಕ್ಕಿಕೊಂಡರೆ ವೈಫೈ ಸಂಕೇತ ಸರಿಯಾಗಿ ತಲುಪುವುದಿಲ್ಲ, ಬಿಸಿಯೂ ಹೊರಹೋಗುವುದಿಲ್ಲ. ಮೇ ತಿಂಗಳ ವಿಜಯವಾಡದ ಬಿಸಿಲನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಬ್ಬದಂಥ ಹಳೆಯ ಟಿವಿಯಲ್ಲಿ ಎಚ್‌ಡಿಎಂಐ ಕಿಂಡಿ ಇರುವುದಿಲ್ಲ, ಕೆಂಪು, ಹಳದಿ, ಬಿಳಿ ಪಿನ್ನುಗಳಷ್ಟೇ. ಕನ್ವರ್ಟರ್ ಹಾಕಿದರೆ ಚಿತ್ರ ಬರುತ್ತದೆ. ಆದರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯನ್ನು ಅರಿಯದಿದ್ದರೆ ಹಣ ಕೊಟ್ಟ ಆ್ಯಪ್‌ಗಳು ಕಪ್ಪು ಪರದೆ ತೋರಿಸಬಹುದು.

ಮತ್ತೆ ಅದೇ 149. ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ ಭಾರತದ ದರ ಇಳಿಸಿದಾಗ ಮೊಬೈಲ್ ಪ್ಲ್ಯಾನ್ 149 ರೂಪಾಯಿಗೆ ಬಂತು. ಅದು ಫೋನ್, ಟ್ಯಾಬ್‌ಗೆ ಮಾತ್ರ. ಟಿವಿಯಲ್ಲಿ ನೋಡಲು ಅಂದು 199ರ ಪ್ಲ್ಯಾನ್ ಬೇಕಿತ್ತು. ಮೊಬೈಲ್ ರೀಚಾರ್ಜ್ ಜೊತೆ ಬರುವ ಉಚಿತ ಚಂದಾಗಳಲ್ಲೂ ಅನೇಕವು ಮೊಬೈಲಿಗೇ ಸೀಮಿತ. ಸ್ಟಿಕ್ ತಂದ ಮೇಲೆ ಇದು ಗೊತ್ತಾದರೆ ಬಜೆಟ್ ತಲೆಕೆಳಗು. ಆದ್ದರಿಂದ ಬೆಲೆ ಕೂಡಿಸುವಾಗ ಸ್ಟಿಕ್, ಲೈನ್, ಟಿವಿಯಲ್ಲಿ ನಡೆಯುವ ಚಂದಾ ಮೂರನ್ನೂ ಒಂದು ವರ್ಷಕ್ಕೆ ಕೂಡಿಸಬೇಕು.

ಹೆಸರಿರುವ ಕಂಪನಿಯ ವಸ್ತುವಿಗೂ ಆಯಸ್ಸು ಉಂಟು. 2025ರ ಮಾರ್ಚ್‌ನಲ್ಲಿ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಜಗತ್ತಿನಾದ್ಯಂತ ಏಕಾಏಕಿ ನಿಂತವು. ಒಳಗಿದ್ದ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಗೂಗಲ್ ಕೆಲವೇ ದಿನಗಳಲ್ಲಿ ಸರಿಪಡಿಸಿತು, ಆದರೆ 2024ರಲ್ಲೇ ಅದು ಕ್ರೋಮ್‌ಕಾಸ್ಟ್ ತಯಾರಿಕೆ ನಿಲ್ಲಿಸಿಯಾಗಿತ್ತು. ಕಡಿಮೆ ಬೆಲೆಗೆ ಸಿಕ್ಕಿತೆಂದು ಐದಾರು ವರ್ಷ ಹಳೆಯ ಮಾದರಿಯನ್ನೋ ಸೆಕೆಂಡ್ ಹ್ಯಾಂಡನ್ನೋ ತರುವವರು ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ಮೊದಲು ವಿಚಾರಿಸಬೇಕು.

ಗೂಗಲ್ 2025ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಸಮುದ್ರದಡಿಯ ಅಂತರರಾಷ್ಟ್ರೀಯ ಕೇಬಲ್‌ಗಳೂ ಅಲ್ಲಿ ದಡ ಸೇರಲಿವೆ. ಊರಿಗೆ ಅದು ಹೆಮ್ಮೆ. ಆದರೆ ಮನೆಯೊಳಗೆ ಚಿತ್ರ ಗಿರಗಿರ ಸುತ್ತಿ ನಿಲ್ಲುವುದಕ್ಕೆ ಕಾರಣ ಬಹುತೇಕ ಮನೆಯೊಳಗೇ ಇರುತ್ತದೆ. 1080ಪಿ ಚಿತ್ರಕ್ಕೆ 5 ಎಂಬಿಪಿಎಸ್ ಇದ್ದರೆ ಸಾಕು ಎನ್ನುತ್ತದೆ ನೆಟ್‌ಫ್ಲಿಕ್ಸ್. 50 ಎಂಬಿಪಿಎಸ್‌ನ ಪ್ಲ್ಯಾನ್ ಇದ್ದೂ ನಿಲ್ಲುವುದು, ರೂಟರ್ ಹಾಲ್‌ನಲ್ಲಿದ್ದು ಟಿವಿ ಎರಡು ಗೋಡೆಯಾಚೆ ಇರುವುದರಿಂದ. ಪಕ್ಕಪಕ್ಕದ ಫ್ಲ್ಯಾಟ್‌ಗಳ ರೂಟರ್‌ಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ಗುದ್ದಾಡುವ ಅಪಾರ್ಟ್‌ಮೆಂಟ್‌ಗಳಲ್ಲಿ 5 ಗಿಗಾಹರ್ಟ್ಸ್ ಹಿಡಿಯುವ ಸ್ಟಿಕ್‌ಗೆ ಐನೂರು ಹೆಚ್ಚು ಕೊಡುವುದು ಸಾರ್ಥಕ.

ತಂದ ಮೇಲೆ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿಬಿಡಬೇಕು: ಒಂದು ಭಾನುವಾರ ರಾತ್ರಿ ಒಂಬತ್ತಕ್ಕೆ, ಅಕ್ಕಪಕ್ಕದವರೆಲ್ಲ ಆನ್‌ಲೈನ್ ಇರುವ ಹೊತ್ತಿನಲ್ಲಿ, ಚಂದಾ ಕಟ್ಟಿದ ಆ್ಯಪ್‌ನಲ್ಲೇ ಒಂದು ಪೂರ್ತಿ ಸಿನಿಮಾ. ಆ್ಯಪ್‌ಗಳಲ್ಲಿ ಭಾಷೆ ಕನ್ನಡ ಎಂದು ಆರಿಸಿಡುವುದು ಒಳ್ಳೆಯದು, ಇಲ್ಲದಿದ್ದರೆ ಊರು ನೋಡಿ ತೆಲುಗಿನ ಸಾಲೇ ಮೊದಲು ಬರಬಹುದು. ರಿಮೋಟನ್ನು ಮನೆಯ ಹಿರಿಯರ ಕೈಗೇ ಕೊಟ್ಟು, ಬೇಕಾದ ಧಾರಾವಾಹಿಯನ್ನು ಅವರೇ ಹುಡುಕುವವರೆಗೆ ಕಾಯಬೇಕು. ಅವರಿಗೆ ಸಿಗದಿದ್ದರೆ ಧ್ವನಿಯಲ್ಲಿ ಹುಡುಕುವ ಗುಂಡಿ ಇರುವ ಮಾದರಿಗೆ ಬದಲಿಸಿಕೊಳ್ಳಲು ಆಗ ಇನ್ನೂ ಸಮಯ ಇರುತ್ತದೆ.