ಕುದಿಸಿದ ತತ್ತಿಯ ಸಿಪ್ಪೆ ಸಲೀಸಾಗಿ ಬಿಡಬೇಕಾದರೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಹಳ್ಳಿಗಳಲ್ಲಿ ಹಿತ್ತಲ ಕೋಳಿಯ ತತ್ತಿ ಎಂದರೆ ಮನೆಯ ಹೆಣ್ಣುಮಕ್ಕಳ ಕೈಗೆ ನೇರವಾಗಿ ಬರುವ ಹಣ. ಹತ್ತಾರು ಜವಾರಿ ಕೋಳಿ ಸಾಕಿದವರು ಬೆಳಿಗ್ಗೆ ಗೂಡಿನಿಂದ ತೆಗೆದ ತತ್ತಿಯನ್ನು ಅಂದೇ ಊರಿನ ಚಹಾದಂಗಡಿಗೋ ಖಾನಾವಳಿಗೋ ಕೊಟ್ಟುಬರುವುದುಂಟು. ಮರುದಿನ ಅಲ್ಲಿಂದ ದೂರು ಬರುತ್ತದೆ: “ಅಕ್ಕಾ, ನಿಮ್ಮ ತತ್ತಿ ಸಿಪ್ಪಿ ಬಿಡೂದಿಲ್ಲ, ಹಳೇವು ಅದಾವ.” ಸಿಪ್ಪೆಯ ಜೊತೆಗೆ ಬಿಳಿಭಾಗವೂ ಕಿತ್ತು ಬಂದು, ಕುದಿಸಿದ ತತ್ತಿ ಇಲಿ ಕಡಿದಂತೆ ಕಾಣುತ್ತದೆ. ಅಂಥದನ್ನು ಗಿರಾಕಿ ಮುಟ್ಟುವುದಿಲ್ಲ. ಅಂಗಡಿಯವನು ದರ ಇಳಿಸಿ ಕೇಳುತ್ತಾನೆ, ಇಲ್ಲವೇ ನಾಳೆಯಿಂದ ಫಾರಂ ತತ್ತಿ ತರಿಸುತ್ತೇನೆ ಎನ್ನುತ್ತಾನೆ.

ವಾಸ್ತವ ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. ಸಿಪ್ಪೆ ಬಿಡದ ತತ್ತಿ ಸಾಮಾನ್ಯವಾಗಿ ಹಳೆಯದಲ್ಲ, ತೀರ ಹೊಸದು. ಫಾರಂ ತತ್ತಿ ಸಲೀಸಾಗಿ ಸುಲಿಯುವುದು ಅದರ ಜಾತಿಯ ಗುಣದಿಂದಲ್ಲ. ಅದು ಫಾರಂನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ ಬರುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ, ಅಷ್ಟೇ. ಒಳ್ಳೆಯ ಮಾಲನ್ನು ಕೊಟ್ಟು ಕೆಟ್ಟ ಹೆಸರು ಪಡೆಯುವ ಈ ಸ್ಥಿತಿ ತಪ್ಪಬೇಕಾದರೆ ತತ್ತಿಯ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ತಿಳಿಯಬೇಕು.

ಸಿಪ್ಪೆ ಅಂಟುವುದೇಕೆ?

ತತ್ತಿಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಸಿಪ್ಪೆಯ ಒಳಮೈಗೆ ತೆಳುವಾದ ಎರಡು ಪೊರೆಗಳು ಇವೆ; ಅವುಗಳ ಒಳಗೆ ಬಿಳಿಭಾಗ. ಆಗತಾನೇ ಇಟ್ಟ ತತ್ತಿಯ ಬಿಳಿಭಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲ ಕರಗಿರುತ್ತದೆ. ದಿನ ಕಳೆದಂತೆ ಈ ಅನಿಲ ರಂಧ್ರಗಳ ಮೂಲಕ ಹೊರಗೆ ಹೋಗುತ್ತದೆ. ಆಗ ಬಿಳಿಭಾಗ ಹೆಚ್ಚು ಹೆಚ್ಚು ಕ್ಷಾರವಾಗುತ್ತದೆ.

ಮಣ್ಣು ಪರೀಕ್ಷೆ ಮಾಡಿಸಿದ ರೈತರಿಗೆ ‘ರಸಸಾರ’ ಎಂಬ ಮಾತು ಹೊಸದೇನಲ್ಲ. ರಸಸಾರ 7 ಇದ್ದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಮೇಲೇರಿದಷ್ಟೂ ಕ್ಷಾರ. ಹೊಸ ತತ್ತಿಯ ಬಿಳಿಭಾಗದ ರಸಸಾರ ಸುಮಾರು 7.6ರಿಂದ 7.9. ಕೆಲವು ದಿನ ಇಟ್ಟರೆ ಅದು 9ನ್ನು ದಾಟುತ್ತದೆ.  ರಸಸಾರ ಕಡಿಮೆ ಇದ್ದಾಗ ಬಿಳಿಭಾಗದ ಸಸಾರಜನಕ ಪದಾರ್ಥ ಕುದಿಯುವಾಗ ಪೊರೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ರಸಸಾರ ಸುಮಾರು 8.8ಕ್ಕಿಂತ ಮೇಲೇರಿದ ಬಳಿಕ ಆ ಅಂಟು ಸಡಿಲವಾಗುತ್ತದೆ. ಜೊತೆಗೆ ತೇವಾಂಶವೂ ಆರಿ, ದಪ್ಪ ತುದಿಯಲ್ಲಿರುವ ಗಾಳಿಗೂಡು ದೊಡ್ಡದಾಗುತ್ತದೆ. ಸುಲಿಯಲು ಬೆರಳು ತೂರಿಸುವುದಕ್ಕೆ ಇದೇ ಬಾಗಿಲು.

ಆದ್ದರಿಂದ ಕುದಿಸಿ ಮಾರುವ ತತ್ತಿಯನ್ನು ಚಳಿಗಾಲದಲ್ಲಿ ನಾಲ್ಕೈದು ದಿನ, ಬೇಸಿಗೆಯಲ್ಲಿ ಎರಡು ಮೂರು ದಿನ ತಡೆದು ಕೊಡುವುದು ಲೇಸು. ಈ ಭಾಗದ ಬಿಸಿಲಿನಲ್ಲಿ ಅದಕ್ಕಿಂತ ಹೆಚ್ಚು ತಡೆಯಬಾರದು. ಹುಂಜ ಇರುವ ಹಿಂಡಿನ ತತ್ತಿಯಲ್ಲಿ ಸೆಕೆ ಹೆಚ್ಚಿದಂತೆ ಅಂಕುರ ಬೆಳೆಯತೊಡಗುತ್ತದೆ. ಒದ್ದೆ ಉಸುಕಿನಲ್ಲಿ ಅರ್ಧ ಹುಗಿದ ಮಣ್ಣಿನ ಗಡಿಗೆಯಲ್ಲಿ, ಬಾಯಿಗೆ ತೆಳುವಾದ ಅರಿವೆ ಕಟ್ಟಿ ಇಟ್ಟರೆ ತಂಪಾಗಿರುತ್ತದೆ. ಮರಿ ಮಾಡಿಸುವುದು ಬೇಡವಾದರೆ ಹುಂಜವನ್ನು ಬೇರೆ ಇಡುವುದೇ ಸರಿಯಾದ ಉಪಾಯ. ಹುಂಜವಿಲ್ಲದೆಯೂ ಹೇಂಟೆ ತತ್ತಿ ಇಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತತ್ತಿ ಬಹುದಿನ ಕೆಡದಿರಲೆಂದು ಎಣ್ಣೆ ಸವರುವ ಅಥವಾ ಸುಣ್ಣದ ತಿಳಿನೀರಿನಲ್ಲಿ ಅದ್ದುವ ಪದ್ಧತಿಯನ್ನು ವಿಸ್ತರಣಾ ಕಾರ್ಯಕರ್ತರು ಹೇಳಿಕೊಡುತ್ತಾರೆ. ಸಲಹೆ ತಪ್ಪಲ್ಲ. ಆದರೆ ಅದರಿಂದ ರಂಧ್ರಗಳು ಮುಚ್ಚಿ ಅನಿಲ ಒಳಗೇ ಉಳಿಯುತ್ತದೆ. ಅಂಥ ತತ್ತಿ ಹತ್ತು ದಿನ ಕಳೆದರೂ ಸುಲಿಯುವಾಗ ಹೊಸ ತತ್ತಿಯಂತೆಯೇ ಕಾಡಬಹುದು. ಆಮ್ಲೆಟ್ಟಿಗೆ, ಪಲ್ಯಕ್ಕೆ ಹೋಗುವ ತತ್ತಿಗೆ ಎಣ್ಣೆ ಸವರಲಿ; ಕುದಿಸುವುದಕ್ಕೆ ಹೋಗುವ ತತ್ತಿಗೆ ಬೇಡ. ತತ್ತಿಯನ್ನು ಮೊದಲೇ ತೊಳೆದಿಡುವುದೂ ಸಲ್ಲದು. ಸಿಪ್ಪೆಯ ಮೇಲಿನ ನೈಸರ್ಗಿಕ ಲೇಪ ಹೋಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಕುದಿಸುವ ಮುನ್ನ ತೊಳೆದರೆ ಸಾಕು.

ತತ್ತಿಯ ವಯಸ್ಸನ್ನು ತಿಳಿಯಲು ನೀರಿನ ಪರೀಕ್ಷೆ ಹಳ್ಳಿಯವರಿಗೆ ಗೊತ್ತಿರುವುದೇ. ಅಡ್ಡಲಾಗಿ ತಳದಲ್ಲಿ ಮಲಗಿದರೆ ಹೊಸದು, ದಪ್ಪ ತುದಿಯನ್ನು ಸ್ವಲ್ಪ ಮೇಲೆತ್ತಿದರೆ ಕುದಿಸಲು ಹದವಾದದ್ದು, ತೇಲಿದರೆ ತಿಪ್ಪೆಗೆ. ಇದಕ್ಕಿಂತ ನಂಬಿಕೆಯ ಮಾರ್ಗವೆಂದರೆ ಇಟ್ಟ ದಿನವನ್ನು ಪೆನ್ಸಿಲಿನಿಂದ ಸಿಪ್ಪೆಯ ಮೇಲೆ ಬರೆಯುವುದು.

ಕುದಿಸುವ ಕ್ರಮ

ಹೊಸ ತತ್ತಿಯನ್ನೇ ಕುದಿಸಬೇಕಾಗಿ ಬಂದರೂ ಕುದಿಸುವ ಕ್ರಮದಿಂದ ಅರ್ಧಕ್ಕಿಂತ ಹೆಚ್ಚು ತೊಂದರೆ ನಿವಾರಣೆಯಾಗುತ್ತದೆ. ಹೆಚ್ಚಿನವರು ತಣ್ಣೀರಿನಲ್ಲಿ ತತ್ತಿ ಹಾಕಿ ಒಲೆಯ ಮೇಲಿಡುತ್ತಾರೆ. ನೀರು ನಿಧಾನವಾಗಿ ಕಾಯುತ್ತದೆ, ಬಿಳಿಭಾಗವೂ ನಿಧಾನವಾಗಿ ಗಟ್ಟಿಯಾಗುತ್ತ ಪೊರೆಯೊಡನೆ ಬೆಸೆದುಕೊಳ್ಳುತ್ತದೆ. ಇದರ ಬದಲು ನೀರು ಮಳಮಳ ಕುದಿಯತೊಡಗಿದ ಮೇಲೆ ಸೌಟಿನಿಂದ ತತ್ತಿಯನ್ನು ಮೆಲ್ಲಗೆ ಇಳಿಸಬೇಕು. ಹೊರಪದರ ಥಟ್ಟನೆ ಗಟ್ಟಿಯಾಗಿ ಪೊರೆಯಿಂದ ಬೇರೆಯಾಗಿ ನಿಲ್ಲುತ್ತದೆ. ಅನಂತರ ಉರಿ ಕಡಿಮೆ ಮಾಡಿ, ಚಿಕ್ಕ ಜವಾರಿ ತತ್ತಿಗೆ 9–10 ನಿಮಿಷ, ಫಾರಂ ತತ್ತಿಗೆ 11–12 ನಿಮಿಷ ಬಿಡಬೇಕು. ಫ್ರಿಜ್ಜಿನಿಂದ ತೆಗೆದ ತತ್ತಿ ಬಿಸಿನೀರಿಗೆ ಬಿದ್ದರೆ ಸೀಳುತ್ತದೆ. ಅರ್ಧ ತಾಸು ಹೊರಗಿಟ್ಟು ಹಾಕಬೇಕು. ಅರ್ಧ ತಾಸು ಕುದಿಸುವವರೂ ಇದ್ದಾರೆ. ಅದರಿಂದ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಗೆರೆ ಮೂಡಿ, ಗಂಧಕದ ವಾಸನೆ ಬರುತ್ತದೆ. ತಿಂದರೆ ಅಪಾಯವಿಲ್ಲವಾದರೂ ಸೌದೆಯೂ ದಂಡ, ರುಚಿಯೂ ದಂಡ.

ಇಡ್ಲಿ ಪಾತ್ರೆ ಇದ್ದರೆ ಅದೇ ಉತ್ತಮ. ಎರಡು ಬೆರಳು ನೀರು ಕುದಿಸಿ, ತಟ್ಟೆಯ ಗುಳಿಗಳಲ್ಲಿ ತತ್ತಿ ಇಟ್ಟು ಮುಚ್ಚಿದರೆ 12–13 ನಿಮಿಷದಲ್ಲಿ ಹಬೆಯಲ್ಲೇ ಬೇಯುತ್ತವೆ. ಬೇಗ ಬಿಸಿಯೇರುವುದರಿಂದ ಸಿಪ್ಪೆ ಅಂಟುವುದಿಲ್ಲ, ತತ್ತಿಗಳು ಒಂದಕ್ಕೊಂದು ತಾಗಿ ಒಡೆಯುವುದೂ ಕಡಿಮೆ.

ನೀರಿಗೆ ಉಪ್ಪು, ಹುಣಸೆಹುಳಿ, ಅಡಿಗೆ ಸೋಡಾ ಹಾಕುವ ರೂಢಿ ಅಲ್ಲಲ್ಲಿ ಇದೆ. ಉಪ್ಪು, ಹುಳಿಗಳಿಂದ ಸೀಳಿದ ತತ್ತಿಯ ಬಿಳಿಭಾಗ ಹೆಚ್ಚು ಹರಿಯದೆ ಅಲ್ಲೇ ಗಟ್ಟಿಯಾಗಬಹುದು. ಸೋಡಾ ಹತ್ತು ನಿಮಿಷದಲ್ಲಿ ಸಿಪ್ಪೆ, ಪೊರೆ ದಾಟಿ ಒಳಗೆ ಮಾಡುವ ಕೆಲಸ ಅತ್ಯಲ್ಪ. ಅದನ್ನೇ ನೆಚ್ಚಿ ಕೂಡಬಾರದು.

ಬೆಂದ ತತ್ತಿಯನ್ನು ಕೂಡಲೇ ತಣ್ಣೀರಿಗೆ ಹಾಕಿ ಹತ್ತು ನಿಮಿಷ ಬಿಡಬೇಕು. ಒಳಗಿನ ಭಾಗ ಕುಗ್ಗಿ ಸಿಪ್ಪೆಯಿಂದ ಸರಿಯುತ್ತದೆ. ಏಪ್ರಿಲ್‌ನಲ್ಲಿ ಈ ಸೀಮೆಯ ಮಾಳಿಗೆಯ ಮೇಲಿನ ಟಾಕಿಯ ನೀರಿಗೆ ‘ತಣ್ಣೀರು’ ಎಂಬ ಹೆಸರು ಒಪ್ಪುವುದಿಲ್ಲ. ಗಡಿಗೆಯ ನೀರೇ ಬೇಕು, ಬಿಸಿಯಾದಂತೆ ಒಮ್ಮೆ ಬದಲಿಸಲೂ ಬೇಕು. ಆ ನೀರು ಕುಡಿಯಲು ಯೋಗ್ಯವಾಗಿರಲೇಬೇಕು. ತಣಿಯುವಾಗ ಕುಗ್ಗುವ ತತ್ತಿ ಹೊರಗಿನ ನೀರನ್ನು ರಂಧ್ರಗಳಿಂದ, ಸೀಳುಗಳಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಹೊಲಸಾಗಿದ್ದರೆ ರೋಗಾಣುವೂ ಅದರ ಹಿಂದೆ ಹೋಗುತ್ತದೆ.

ಸುಲಿಯುವಾಗ ಸಿಪ್ಪೆಯನ್ನು ಎಲ್ಲ ಕಡೆ ನವಿರಾಗಿ ಒಡೆದು, ದಪ್ಪ ತುದಿಯಿಂದ ಆರಂಭಿಸಿ, ಪೊರೆಯನ್ನೂ ಸೇರಿಸಿ ಹಿಡಿಯಬೇಕು. ಪೊರೆ ಕೈಗೆ ಸಿಕ್ಕರೆ ಸಿಪ್ಪೆ ತಾನಾಗಿ ಹಿಂದೆ ಬರುತ್ತದೆ. ನೀರಿನೊಳಗೆ ಹಿಡಿದು ಸುಲಿದರೆ ಇನ್ನೂ ಸುಲಭ.

ಶಾಲೆಯ ಅಡಿಗೆಮನೆಯಲ್ಲಿ

ಈ ವಿಷಯ ಅಂಗಡಿಗಷ್ಟೇ ಸೀಮಿತವಲ್ಲ. ಬಿಸಿಯೂಟದೊಡನೆ ತತ್ತಿ ಕೊಡುವ ಕ್ರಮ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ನೆರೆಯ ವಿಜಯಪುರದಲ್ಲೂ ಆರಂಭವಾಗಿ, 2022ರಲ್ಲಿ ಬಾಗಲಕೋಟೆಯೂ ಸೇರಿ ಎಲ್ಲ ಜಿಲ್ಲೆಗಳಿಗೆ ಬಂದಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಿಗೆ ವಿಸ್ತಾರವಾಯಿತು. ಇಬ್ಬರು ಮೂವರು ಅಡಿಗೆಯವರು ಅನ್ನ, ಸಾರಿನ ಜೊತೆಗೆ ನೂರಾರು ತತ್ತಿ ಸುಲಿಯಬೇಕು. ತತ್ತಿಯ ಸಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಿಳಿಭಾಗದಲ್ಲಿದೆ. ಸಿಪ್ಪೆಯೊಡನೆ ಕಿತ್ತು ಬುಟ್ಟಿಗೆ ಬಿದ್ದದ್ದು ಮಗುವಿನ ಪಾಲಿನದೇ.

ಇನ್ನೂರು ತತ್ತಿಯನ್ನು ಒಂದೇ ಹಂಡೆಯಲ್ಲಿ ತಣ್ಣೀರಿನೊಡನೆ ಇಟ್ಟರೆ ಕುದಿ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಂಟುವುದಕ್ಕೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಹತ್ತು ಲೀಟರ್ ನೀರು ಕುದಿಸಿ, ಜಾಲರಿ ಬುಟ್ಟಿಯಲ್ಲಿ ಐವತ್ತು ಐವತ್ತರಂತೆ ಇಳಿಸಿದರೆ, ಒಂದು ತಂಡ ತಣಿಯುವಷ್ಟರಲ್ಲಿ ಇನ್ನೊಂದು ಬೇಯುತ್ತದೆ. ತಣಿದ ಏಳೆಂಟು ತತ್ತಿಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸ್ವಲ್ಪ ನೀರಿನೊಡನೆ ಮೆಲ್ಲಗೆ ಅಲುಗಿಸಿದರೆ ಸಿಪ್ಪೆಗಳೆಲ್ಲ ಒಮ್ಮೆಲೇ ಬಿರಿಯುತ್ತವೆ. ಸುಲಿದ ತತ್ತಿಯನ್ನು ಎರಡು ತಾಸಿನೊಳಗೆ ಬಡಿಸಿಬಿಡಬೇಕು.

ಇಷ್ಟೆಲ್ಲ ಮಾಡಿಯೂ ಅಂದಿನ ತತ್ತಿಯೇ ಕೈಯಲ್ಲಿದ್ದು ಸಿಪ್ಪೆ ಹಟ ಹಿಡಿದರೆ ಉಗುರಿನಿಂದ ಕೆದಕುತ್ತ ಕೂಡುವುದು ಬೇಡ. ಚಾಕುವಿನಿಂದ ಸಿಪ್ಪೆಸಹಿತ ಎರಡು ಹೋಳು ಮಾಡಿ ಚಮಚದಿಂದ ತೋಡಿ ತೆಗೆದು, ಉಳ್ಳಾಗಡ್ಡಿ, ಕೆಂಪು ಖಾರದೊಡನೆ ಪಲ್ಯ ಮಾಡಿದರೆ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ.