ಡೈಲಾಗ್ ನುಂಗೋ ಸಬ್‌ವೂಫರ್: ಸರಿ ಮಾಡೋದು ಹೇಗೆ?

ದಸರಾ ರಜೆಯಲ್ಲಿ ಶಿಡ್ಲಘಟ್ಟದ ನಮ್ಮ ಮನೆ ಹಾಲ್‌ಗೆ 5.1 ಹೋಂ ಥಿಯೇಟರ್ ತಂದ್ವಿ. ಮೊದಲ ದಿನವೇ ‘ಕಾಂತಾರ’. ಕಿಟಕಿ ಗಾಜು ಗಡಗಡ ಅಂದ್ರೆ ಮಕ್ಕಳಿಗೆ ಖುಷಿಯೋ ಖುಷಿ. ಅಪ್ಪ ಮಾತ್ರ ಅರ್ಧಕ್ಕೇ ಎದ್ದರು. “ಏನ್ ಮಾತಾಡ್ತಾವ್ರೋ ಒಂದೂ ತಿಳೀತಿಲ್ಲ ಕಣೋ” ಅಂತ ರೂಮಿಗೆ ಹೋಗಿ ಹಳೇ ಟಿವಿ ಹಾಕ್ಕೊಂಡ್ರು. ವಯಸ್ಸಾಯ್ತು, ಕಿವಿ ಮಂದ ಆಗಿರಬೇಕು ಅಂದುಕೊಂಡ್ವಿ. ಆದರೆ ತಪ್ಪು ಕಿವಿಯದ್ದಲ್ಲ, ಕ್ರಾಸ್‌ಓವರ್‌ದು.

ಕ್ರಾಸ್‌ಓವರ್ ಅಂದ್ರೆ ಕೆಲಸ ಹಂಚೋ ಗೆರೆ. ಅದರ ಕೆಳಗಿನ ದಪ್ಪ ಸದ್ದು ಸಬ್‌ವೂಫರ್‌ಗೆ, ಮೇಲಿನದು ಸ್ಪೀಕರ್‌ಗಳಿಗೆ. ಮದುವೆ ಪಂಕ್ತಿಯಲ್ಲಿ ಅರ್ಧ ಸಾಲು ಒಬ್ಬರು, ಉಳಿದರ್ಧ ಇನ್ನೊಬ್ಬರು ಬಡಿಸೋ ಹಾಗೆ. ಒಂದೇ ಎಲೆಗೆ ಇಬ್ಬರೂ ಬಡಿಸಿದ್ರೆ ಸಾರು ಚೆಲ್ಲುತ್ತೆ. ಇಬ್ಬರೂ ಬಿಟ್ರೆ ಎಲೆ ಖಾಲಿ.

ನಮ್ಮ ರಿಸೀವರ್‌ನಲ್ಲಿ ಆ ಗೆರೆ 200 ಹರ್ಟ್ಜ್‌ನಲ್ಲಿತ್ತು. ಗಂಡಸರ ದನಿಯ ಮೂಲ ಶ್ರುತಿ ಸುಮಾರು 85ರಿಂದ 180 ಹರ್ಟ್ಜ್. ಹೀಗಾಗಿ ಹೀರೋನ ಅರ್ಧ ದನಿ ಟಿವಿ ಕಡೆಯಿಂದ, ಇನ್ನರ್ಧ ಸೋಫಾ ಹಿಂದಿನ ಮೂಲೆಯಿಂದ ಗುಮ್ ಅಂತ ಬರ್ತಿತ್ತು! ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿಂದ ಬಂತು ಅಂತ ಕಿವಿಗೆ ಸುಲಭವಾಗಿ ಗೊತ್ತಾಗಲ್ಲ. ಟಿಎಚ್‌ಎಕ್ಸ್ ಮಾನದಂಡ 80 ಹರ್ಟ್ಜ್ ಅನ್ನೋದಕ್ಕೆ ಇದೂ ಒಂದು ಕಾರಣ.

ನೀವು ಹೀಗೆ ಮಾಡಿ ನೋಡಿ:

1. ರಿಸೀವರ್ ಮೆನುವಿನಲ್ಲಿ ಸ್ಪೀಕರ್‌ಗಳನ್ನೆಲ್ಲ ‘ಸ್ಮಾಲ್’ ಮಾಡಿ. ಇದು ಗಾತ್ರದ ಮಾತಲ್ಲ. ಬೇಸ್ ಸಬ್‌ವೂಫರ್‌ಗೆ ಹೋಗಲಿ ಅನ್ನೋ ಸೂಚನೆ.

2. ಕ್ರಾಸ್‌ಓವರ್ 80ರಿಂದ ಶುರು ಮಾಡಿ. ಸ್ಪೀಕರ್ ಬಾಕ್ಸ್ ಮೇಲೆ 60 ಹರ್ಟ್ಜ್‌ನಿಂದ ಅಂತಿದ್ರೆ 80 ಸರಿ. ಪುಟಾಣಿ ಸ್ಪೀಕರ್ 100ರಿಂದ ಅಂತಿದ್ರೆ 120 ಇಡಿ.

3. ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ನಾಬ್ ಪೂರ್ತಿ ಮೇಲಕ್ಕೆ ತಿರುಗಿಸಿ, ಅಥವಾ ‘ಎಲ್‌ಎಫ್‌ಇ’ಗೆ ಇಡಿ. ಇಲ್ಲಾಂದ್ರೆ ಒಂದೇ ಸದ್ದು ಎರಡು ಸಲ ಸೋಸಿ ಹೋಗುತ್ತೆ, ನಡುವೆ ಎಲೆ ಖಾಲಿ!

4. ಫೇಸ್ ಸ್ವಿಚ್ 0, 180 ಎರಡೂ ನೋಡಿ. ಸೋಫಾದಲ್ಲಿ ಕೂತಾಗ ಯಾವುದರಲ್ಲಿ ಬೇಸ್ ತುಂಬಿ ಬರುತ್ತೋ ಅದೇ ಇರಲಿ.

5. ಜಾಗ ಹುಡುಕೋಕೆ ಸಬ್‌ವೂಫರನ್ನ ನೀವು ಕೂರೋ ಜಾಗದಲ್ಲಿಟ್ಟು ಬೇಸ್ ಇರೋ ಹಾಡು ಹಾಕಿ. ಆಮೇಲೆ ಗೋಡೆ ಪಕ್ಕ ಬಗ್ಗಿಕೊಂಡು ಸುತ್ತಿ. ಸದ್ದು ಹದವಾಗಿ ಕೇಳಿದ ಕಡೆ ಅದನ್ನಿಡಿ. ಮೂಲೆಯಲ್ಲಿಟ್ರೆ ಗುಮ್ಮು ಜಾಸ್ತಿ.

ನಿಮ್ಮ ಸೆಟ್‌ನಲ್ಲಿ ಕ್ರಾಸ್‌ಓವರ್ ಮೆನು ಇಲ್ವಾ? ಜಾಗ ಬದಲಿಸಿ, ಬೇಸ್ ಇಳಿಸಿ. ಅಷ್ಟರಲ್ಲೇ ಎಷ್ಟೋ ಸುಧಾರಿಸುತ್ತೆ. ವಾಲ್ಯೂಮ್ ಹೊಂದಿಸುವಾಗ ಫೈಟ್ ಸೀನ್ ಬೇಡ, ವಾರ್ತೆ ಹಾಕಿ. ರಾತ್ರಿ ಹತ್ತಾದ ಮೇಲೆ ಸಬ್‌ವೂಫರ್ ಇನ್ನಷ್ಟು ತಗ್ಗಿಸಿ: ದಪ್ಪ ಸದ್ದು ಗೋಡೆ ದಾಟುತ್ತೆ, ನಮ್ಮ ಪಕ್ಕದ ಮನೆಯವರು ಬೆಳಗಾಗ್ತಿದ್ದಂಗೆ ರೇಷ್ಮೆಗೂಡಿನ ಮಾರ್ಕೆಟ್‌ಗೆ ಹೋಗಬೇಕು.

ಮುಂದಿನ ಭಾನುವಾರ ಅಪ್ಪನೇ ಬಂದು ಸೋಫಾದಲ್ಲಿ ಕೂತ್ರು. “ಆ ಕೋಲದ ಪಿಕ್ಚರ್ ಹಾಕೋ, ಮೊದಲಿಂದ.”