ಒಂದು ಲೋಟ ಕಾಫಿಯ ಜಮಾ-ಖರ್ಚು



ಈ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಸಂಪಾದಕರು ಕೇಳಿದಾಗ ನಾನು ತಪ್ಪಿಸಿಕೊಳ್ಳಲು ನೋಡಿದೆ. ಕವಿತೆ ನನಗೆ ಬರುವುದಿಲ್ಲ. ಕತೆ ಶುರುಮಾಡಿದರೆ ಮುಗಿಸಲು ಬರುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಕಾಮರ್ಸಿಗೆ ಬಂದು, ‘ಡಿಪ್ರಿಸಿಯೇಷನ್’ ಅಂದರೆ ನಮ್ಮ ‘ಸವಕಳಿ’ಯೇ ಎಂದು ತಿಳಿಯಲು ಒಂದು ಟರ್ಮ್ ಕಳೆದವನು ನಾನು. “ಹಾಗಾದ್ರೆ ನಿನಗೆ ಗೊತ್ತಿರೋದನ್ನೇ ಬರಿ ಮಾರಾಯ” ಎಂದರು. ನನಗೆ ಗೊತ್ತಿರುವುದು ಎರಡೇ. ಒಂದು ಲೆಕ್ಕ, ಇನ್ನೊಂದು ಕಾಫಿ. ಎರಡನ್ನೂ ಸೇರಿಸಿ ಬರೆದಿದ್ದೇನೆ.

ವಿಷಯ ಶುರುವಾದದ್ದು ನಮ್ಮ ಡೊಂಬಿವಲಿಯ ಖೋಲಿಯಲ್ಲಿ. ಅಪ್ಪನ ಕೆಲಸದಲ್ಲಿ ಓವರ್‌ಟೈಮ್ ನಿಂತುಹೋಯಿತು. ಸರಿಯಾಗಿ ಅದೇ ಹೊತ್ತಿಗೆ ಕಾಫಿಪುಡಿಯ ಬೆಲೆಯೂ ಏರಿತ್ತು. 2024ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ಜಗತ್ತಿನಲ್ಲೆಲ್ಲ ಕಾಫಿಬೀಜ ತುಟ್ಟಿಯಾಯಿತು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಆದರೆ ಅದರ ಬೆಲೆ ನಿಂತಿರುವುದು ಲಂಡನ್ ಮತ್ತು ನ್ಯೂಯಾರ್ಕಿನ ಪೇಟೆಯ ಮೇಲೆ. ಅಮ್ಮನಿಗೆ ಈ ಪೇಟೆಗಳ ಸುದ್ದಿ ಬೇಕಿರಲಿಲ್ಲ. ಅವಳು ಸಂಜೆಯ ಕಾಫಿ ನಿಲ್ಲಿಸಿದಳು. ಬೆಳಗಿನದು ಮಾತ್ರ ಉಳಿಯಿತು.

ಒಂದು ದಿನ ನಾನು ಬೇಗ ಎದ್ದೆ. ಅಪ್ಪ, ತಂಗಿ, ನಾನು, ಮೂವರಿಗೂ ಕಾಫಿ ಕೊಟ್ಟು, ಅಮ್ಮ ಫಿಲ್ಟರಿನಲ್ಲಿದ್ದ ಚರಟದ ಮೇಲೆ ಮತ್ತೆ ಬಿಸಿನೀರು ಹುಯ್ದು, ಅದರಿಂದಿಳಿದ ನೀರಿಗೆ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದಳು. ಹಾಲಿಲ್ಲ. “ಇದೇನಮ್ಮಾ?” ಅಂದೆ. “ನಂಗೆ ಹಾಲು ಹಿಡಿಸೊಲ್ಲ ಕಣೋ, ಇದೇ ಹಗುರ” ಅಂದಳು. ಇಪ್ಪತ್ತು ವರ್ಷದಿಂದ ಹಾಲು ಹಾಕಿದ ಕಾಫಿ ಕುಡಿದವಳನ್ನು ನೋಡಿದ್ದೇನೆ. ಆ ಮಾತನ್ನು ನಾನು ನಂಬಲಿಲ್ಲ.

ಅವತ್ತಿನಿಂದ ಒಂದು ವಾರ ನಾನು ನಮ್ಮ ಅಡಿಗೆಮನೆಯ ಆಡಿಟರ್ ಆದೆ. ಅಳತೆಗೆ ಕೆಮ್ಮಿನ ಔಷಧಿಯ ಮುಚ್ಚಳ ಇಟ್ಟುಕೊಂಡೆ, ಅದರಲ್ಲಿ ಮಿಲಿಲೀಟರಿನ ಗೆರೆಗಳಿರುತ್ತವೆ. ಕಂಡದ್ದಿಷ್ಟು. ದಿನಕ್ಕೆ 30 ಗ್ರಾಂ ಪುಡಿ, 180 ಮಿ.ಲೀ. ನೀರು. ಚರಟ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುತ್ತದೆ, ಹೀಗಾಗಿ ಕೆಳಗಿಳಿಯುವುದು ಸುಮಾರು 120 ಮಿ.ಲೀ. ಡಿಕಾಕ್ಷನ್. ಲೋಟಕ್ಕೆ 30ರಂತೆ ಮೂವರಿಗೆ 90. ಉಳಿದ 30 ಎಲ್ಲಿ? ಅದನ್ನು ಅಮ್ಮ ಮುಚ್ಚಿ ಎತ್ತಿಡುತ್ತಿದ್ದಳು, “ಯಾರಾದ್ರೂ ಬಂದ್ರೆ ಬೇಕಲ್ಲ” ಅಂತ. ಆ ಏಳು ದಿನಗಳಲ್ಲಿ ಐದು ದಿನ ಯಾರೂ ಬರಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಅದು ಮೋರಿಗೆ ಹೋಯಿತು.

ಕಾಸ್ಟಿಂಗ್ ತರಗತಿಯಲ್ಲಿ ನಮಗೆ ಎರಡು ಬಗೆಯ ನಷ್ಟ ಹೇಳಿಕೊಡುತ್ತಾರೆ. ನಾರ್ಮಲ್ ಲಾಸ್ ಅಂದರೆ ಕೆಲಸದಲ್ಲಿ ತಪ್ಪಿಸಲಾಗದ್ದು, ಚರಟ ಹೀರಿಕೊಂಡ ನೀರಿನ ಹಾಗೆ. ಅಬ್‌ನಾರ್ಮಲ್ ಲಾಸ್ ಅಂದರೆ ತಪ್ಪಿಸಬಹುದಾಗಿದ್ದದ್ದು. ಮೋರಿಗೆ ಹೋದ ಆ 30 ಮಿ.ಲೀ. ಎರಡನೆಯ ಬಗೆಯದು. ಅದು ಬಾರದ ಅತಿಥಿಯ ಹೆಸರಿನಲ್ಲಿ ಚೆಲ್ಲಿಹೋಗುತ್ತಿದ್ದ ಅಮ್ಮನ ಕಾಫಿ.

ಅಮ್ಮನಿಗೆ ಹೇಳಿದೆ. “ಬಂದವರನ್ನ ಇಪ್ಪತ್ತು ನಿಮಿಷ ಕಾಯಿಸೋಕಾಗುತ್ತೇನೋ?” ಅಂದಳು. ನಮ್ಮವರು ಬಂದರೆ ಒಂದು ಗಂಟೆಗೆ ಮುಂಚೆ ಏಳುವುದಿಲ್ಲ ಎಂಬುದು ಬೇರೆ ಮಾತು. ಆದರೂ ಅವಳ ಪ್ರಶ್ನೆಗೆ ಉತ್ತರ ಬೇಕಿತ್ತು. ಉತ್ತರ ಸಿಕ್ಕಿದ್ದು ಸಕಲೇಶಪುರದ ಕಡೆಯ ನಮ್ಮ ಅಜ್ಜಿಯಿಂದ. ಅಲ್ಲಿ ಫಿಲ್ಟರ್ ಇಲ್ಲದೆಯೂ ಕಾಫಿ ಆಗುತ್ತಿತ್ತು. ಕುದಿದ ನೀರು ಇಳಿಸಿ, ಪುಡಿ ಹಾಕಿ ಕಲಕಿ, ನಾಲ್ಕೈದು ನಿಮಿಷ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುವುದು. ಅತಿಥಿ ಚಪ್ಪಲಿ ಬಿಟ್ಟು ಕೂತು ಊರಿನ ಮಳೆ ಬೆಳೆ ಕೇಳುವಷ್ಟರಲ್ಲಿ ತಯಾರು! ಸೋಸುವ ಬಟ್ಟೆಯನ್ನು ಸೋಪಿಲ್ಲದೆ ಬಿಸಿನೀರಲ್ಲಿ ತೊಳೆದು ಒಣಗಿಸಬೇಕು, ಅಷ್ಟೇ.

ಅಳತೆ ಕೂಡಿತು. ಆದರೆ ಲೋಟಕ್ಕೆ ಏಳೂವರೆ ಗ್ರಾಂ ಪುಡಿಯಲ್ಲೇ ಕಾಫಿ ರುಚಿಯಾಗಬೇಕಾದರೆ ಪುಡಿ ಚೆನ್ನಾಗಿರಬೇಕು. ಆ ಮೇಲೆ ನಾನು ಮಾಡಿ ನೋಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು, ಪುಡಿ ಸ್ವಲ್ಪ ಸ್ವಲ್ಪವೇ ಕೊಳ್ಳಿ. ದೊಡ್ಡ ಪೊಟ್ಟಣದಲ್ಲಿ ಕಿಲೋಗೆ ನಾಲ್ಕು ಕಾಸು ಉಳಿಯಬಹುದು. ಆದರೆ ಬೀಸಿದ ಪುಡಿಗೆ ಎಲ್ಲ ಕಡೆಯಿಂದ ಗಾಳಿ ತಾಗಿ ಪರಿಮಳ ಬೇಗ ಹೋಗುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ಕೇಳಬೇಡಿ. ಮೂರನೆಯ ವಾರ ರುಚಿ ಇಲ್ಲವೆಂದು ಒಂದು ಚಮಚ ಹೆಚ್ಚು ಹಾಕುತ್ತೀರಿ, ಅಲ್ಲಿಗೆ ಉಳಿಸಿದ್ದೂ ಹೋಯಿತು, ಮೇಲೆ ಕೈಯಿಂದಲೂ ಹೋಯಿತು. ಮಾಟುಂಗಾದಲ್ಲಿ ಬೀಜ ಹುರಿದು ಕಣ್ಣೆದುರಿಗೇ ಬೀಸಿಕೊಡುವ ಅಂಗಡಿಗಳಿವೆ. ನಾನು ಕಾಲೇಜಿನಿಂದ ಬರುವಾಗ ಕಾಲು ಕೆ.ಜಿ. ತರುತ್ತೇನೆ. ನಾಲ್ಕು ಲೋಟಕ್ಕೆ ಅದು ಎಂಟು ದಿನ ಬಂದರೆ ನಿಮ್ಮ ಅಳತೆ ಸರಿ ಎಂದು ತಿಳಿಯಿರಿ, ತಕ್ಕಡಿ ಬೇಡ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ. ಡಬ್ಬಿ ಗ್ಯಾಸಿನ ಪಕ್ಕ ಬೇಡ.

ಎರಡನೆಯದು, ಬೀಜ. ಅಂಗಡಿಯವರು ‘ಪ್ಲಾಂಟೇಷನ್ ಎ’, ‘ಪೀಬೆರಿ’ ಎನ್ನುತ್ತಾರೆ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದದ್ದು. ಅರೇಬಿಕಾಕ್ಕೆ ಪರಿಮಳ ಹೆಚ್ಚು, ರೋಬಸ್ಟಾಕ್ಕೆ ಖಾರ ಮತ್ತು ಗಟ್ಟಿತನ ಹೆಚ್ಚು. ಕೆಫೀನು ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡರಷ್ಟು. ಹಾಲು ಹಾಕುವ ನಮ್ಮ ಕಾಫಿಗೆ ಎರಡನ್ನೂ ಅರ್ಧರ್ಧ ಬೆರೆಸಿದರೆ ಸಾಕು, ಬರೀ ಪೀಬೆರಿಗೆ ದುಡ್ಡು ಸುರಿಯಬೇಕಿಲ್ಲ.

ಮೂರನೆಯದು, ಚಿಕೋರಿ. ಇದು ಒಂದು ಗಿಡದ ಬೇರು, ಹುರಿದು ಪುಡಿಮಾಡಿದ್ದು. ಇದರಲ್ಲಿ ಕೆಫೀನಿಲ್ಲ. ಬಣ್ಣ ಕೊಡುತ್ತದೆ, ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಕಾಫಿಗಿಂತ ಅಗ್ಗ. ಚಿಕೋರಿ ಹಾಕುವುದು ಮೋಸವೆಂದು ಕೆಲವರು ಮೂಗು ಮುರಿಯುತ್ತಾರೆ. ನೂರಕ್ಕೆ ಇಪ್ಪತ್ತು ಮೂವತ್ತು ಇದ್ದರೆ ನನಗೇನೂ ತಕರಾರಿಲ್ಲ. ಆದರೆ ನಮ್ಮ ದೇಶದ 2011ರ ಆಹಾರ ನಿಯಮದ ಪ್ರಕಾರ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಇದ್ದರೂ ಸಾಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಬೇಕು. ಆದ್ದರಿಂದ ದೊಡ್ಡಕ್ಷರದ ಬೆಲೆಯ ಜೊತೆ ಸಣ್ಣಕ್ಷರವನ್ನೂ ಓದಿ. ಉದಾಹರಣೆಗೆ 70 ಭಾಗ ಕಾಫಿಯ ಪುಡಿ ಕಿಲೋಗೆ 700 ರೂಪಾಯಿ, 55 ಭಾಗದ್ದು 560 ಎಂದಿಟ್ಟುಕೊಳ್ಳಿ. ಎರಡನೆಯದು ಅಗ್ಗವೆಂದು ಕಾಣುತ್ತದೆ. ಒಳಗಿರುವ ಕಾಫಿಗೆ ಭಾಗಿಸಿ ನೋಡಿ. ಮೊದಲನೆಯದು ಗ್ರಾಮಿಗೆ ಒಂದು ರೂಪಾಯಿ, ಎರಡನೆಯದು ಒಂದು ರೂಪಾಯಿ ಎರಡು ಪೈಸೆ!

ಇನ್ನು ಮಾಡುವ ಕ್ರಮ. ಫಿಲ್ಟರಿನ ಮೇಲಿನ ಪಾತ್ರೆ ಒಣಗಿರಲಿ. ಪುಡಿ ಹಾಕಿ, ಮೆಲ್ಲಗೆ ತಟ್ಟಿ ಸಮಮಾಡಿ, ಒಳಗಿನ ಒತ್ತುತಟ್ಟೆಯನ್ನು ಹಗುರವಾಗಿ ಇಡಿ. ನೀರು ಕುದಿದ ಮೇಲೆ ಇಳಿಸಿ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟೇ ಹುಯ್ದು ಸ್ವಲ್ಪ ತಡೆದು, ಉಳಿದದ್ದನ್ನು ನಿಧಾನವಾಗಿ ಸುತ್ತಲೂ ಹುಯ್ಯಿರಿ. ಹದಿನೈದು ಇಪ್ಪತ್ತು ನಿಮಿಷ ಬೇಕು. ಐದೇ ನಿಮಿಷಕ್ಕೆ ಇಳಿದುಬಿಟ್ಟರೆ ಪುಡಿ ತೀರ ತರಿ, ಅಥವಾ ಒತ್ತಿದ್ದು ಸಾಲದು. ಇಳಿಯದೆ ನಿಂತರೆ ಪುಡಿ ತೀರ ನುಣುಪು, ಅಥವಾ ತೂತುಗಳು ಕಟ್ಟಿವೆ. ವಾರಕ್ಕೊಮ್ಮೆ ಮೇಲಿನ ಪಾತ್ರೆಯನ್ನು ನೀರಲ್ಲಿ ಕುದಿಸಿ, ಬೆಳಕಿಗೆ ಹಿಡಿದು, ಮುಚ್ಚಿದ ತೂತುಗಳನ್ನು ಸೂಜಿಯಿಂದ ಬಿಡಿಸಿ.

ಡಿಕಾಕ್ಷನ್ನನ್ನು ಎಂದೂ ಕುದಿಸಬೇಡಿ. ಪರಿಮಳ ಹೋಗಿ ಕಹಿ ಉಳಿಯುತ್ತದೆ. ಆರಿದ್ದರೆ ಬಿಸಿನೀರಿನಲ್ಲಿ ಪಾತ್ರೆ ಇಡಿ. ಲೋಟಕ್ಕೆ 30 ಮಿ.ಲೀ. ಡಿಕಾಕ್ಷನ್, ಆಗತಾನೇ ಉಕ್ಕಿದ 80 ಮಿ.ಲೀ. ಹಾಲು, ಒಂದು ಚಮಚ ಸಕ್ಕರೆ, ಎರಡು ಸಲ ಎತ್ತಿ ಹುಯ್ದರೆ ನೊರೆ.

ಲೆಕ್ಕ ಒಪ್ಪಿಸದೆ ಮುಗಿಸಿದರೆ ನಾನು ಕಾಮರ್ಸಿನವನಲ್ಲ. ಪುಡಿ ಕಿಲೋಗೆ 700, ಹಾಲು ಲೀಟರಿಗೆ 60, ಸಕ್ಕರೆ ಕಿಲೋಗೆ 45 ಎಂದು ಹಿಡಿದರೆ, ಲೋಟಕ್ಕೆ ಪುಡಿ 5.25, ಹಾಲು 4.80, ಸಕ್ಕರೆ 0.23. ಗ್ಯಾಸು ಸೇರಿ ಹನ್ನೊಂದು ರೂಪಾಯಿ ಅನ್ನಿ. ಫಿಲ್ಟರ್ ಅಮ್ಮನ ಮದುವೆಯದು, ಅದರ ಸವಕಳಿ ಎಂದೋ ತೀರಿದೆ.

ಅಮ್ಮನ ಲೋಟಕ್ಕೆ ಪುಡಿಯ ಖರ್ಚು ಒಂದು ಪೈಸೆಯೂ ಹೆಚ್ಚಲಿಲ್ಲ. ಹೆಚ್ಚಿದ್ದು ಹಾಲು ಮಾತ್ರ, ತಿಂಗಳಿಗೆ 144 ರೂಪಾಯಿ. ಅದು ಎಲ್ಲಿಂದ ಬರಬೇಕು? ನಾನು ಕಾಲೇಜಿನ ಹತ್ತಿರ ತಿಂಗಳಿಗೆ ಎಂಟು ಸಲ 25 ರೂಪಾಯಿಯ ಕಾಫಿ ಕುಡಿಯುತ್ತಿದ್ದೆ. ಈಗ ಎರಡು ಸಲ. ಉಳಿದದ್ದು 150. ಲೆಕ್ಕ ಸರಿಹೋಗಿ ಆರು ರೂಪಾಯಿ ಮಿಕ್ಕಿತು.

ಮೊದಲ ದಿನ ನಾನೇ ಮಾಡಿ ಲೋಟ ಕೈಗೆ ಕೊಟ್ಟೆ. “ಹಾಲು ಹಿಡಿಸೊಲ್ಲ ಅಂದಿದ್ದೆನಲ್ಲೋ” ಅಂದಳು. ಅಂದು, ಪೂರ್ತಿ ಕುಡಿದಳು. ಆಮೇಲೆ, “ಸಕ್ಕರೆ ಸ್ವಲ್ಪ ಜಾಸ್ತಿಯಾಯ್ತು” ಅಂತ ಒಂದು ತಪ್ಪು ಹುಡುಕಿದಳು.

ಮಿತ್ರರೇ, ನಿಮ್ಮ ಮನೆಯಲ್ಲೂ ಒಂದು ವಾರ ಅಳೆದು ನೋಡಿ. ಕಾಫಿ ಎಷ್ಟಾಯಿತು ಎಂಬುದರ ಜೊತೆಗೆ, ಯಾರು ಎಷ್ಟು ಕುಡಿದರು ಎಂಬುದನ್ನೂ ಬರೆದುಕೊಳ್ಳಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ, ತಿದ್ದಿಕೊಳ್ಳುತ್ತೇನೆ.